ಯುಗಾದಿಯ ಮರುದಿನದ ಹೋಳಿಗೆ

ಕ್ವೀನ್ಸ್‌ಬರಿ, ಲಂಡನ್
ತಾರಣ ಸಂವತ್ಸರ, ಚೈತ್ರ ಶುದ್ಧ ಸಪ್ತಮಿ
೨೮ ಮಾರ್ಚ್ ೨೦೦೪

ಪ್ರೀತಿಯ ವೇದಕ್ಕನಿಗೆ,

ನಿನ್ನ ಮಾಲು ಮಾಡುವ ಯುಗಾದಿಯ ನಮಸ್ಕಾರ. ವಾರ ತಡವಾಯಿತು, ಬೈಯಬೇಡ. ಕಾರಣ ಓದಿದರೆ ನೀನೇ ಸುಮ್ಮನಾಗುತ್ತೀ.

ಮೊನ್ನೆ ಫೋನಿನಲ್ಲಿ ಭಾವ ಒಂದು ಪ್ರಶ್ನೆ ಎಸೆದರು. ಸೈನ್ಯದಿಂದ ನಿವೃತ್ತರಾದರೂ ಅವರ ದನಿಗೆ ಇನ್ನೂ ನಿವೃತ್ತಿಯಾಗಿಲ್ಲ. “ಗಾಜಾದಾಗ ಆ ಮುಖಂಡನ್ನ ಹೊಡದ್ರಲ್ಲಾ, ಇನ್ನ ಅಲ್ಲೆ ಶಾಂತಿ ಆಗ್ತದೋ ಇಲ್ಲೋ? ನಿನ್ನ ಕಡೆ ಎರಡೂ ಮಂದಿ ಅದಾರ, ಕೇಳಿ ಹೇಳು” ಅಂದರು. ನಾನು ಕೇಳಲು ಹೋಗಬೇಕಾಗಿರಲಿಲ್ಲ, ಆ ಪ್ರಶ್ನೆ ಅಷ್ಟರಲ್ಲೇ ನಮ್ಮ ಊಟದ ಮೇಜಿಗೆ ಬಂದು ಕೂತಿತ್ತು.

ಎರಡೂ ಮಂದಿ ಎಂದರೆ ಎಸ್ತರ್ ಮತ್ತು ಹನಾನ್. ಎಸ್ತರ್ ನಮ್ಮ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್, ಎಜ್‌ವೇರಿನ ಯಹೂದಿ ಹೆಂಗಸು. ಹನಾನ್ ನರ್ಸ್, ಹುಟ್ಟಿದ್ದು ಗಾಜಾದಲ್ಲಿ. ಮಾಂಸದ ವಿಷಯಕ್ಕೆ ಬಂದರೆ ಅವರವರ ಕಟ್ಟಳೆ ಅವರವರಿಗೆ. ನನ್ನ ಸಸ್ಯಾಹಾರದ ಡಬ್ಬಿಗೆ ಮಾತ್ರ ಇಬ್ಬರ ಕೈಯೂ ಬರುತ್ತದೆ. ಹೀಗೆ ಹತ್ತು ವರ್ಷದಿಂದ ಮೂವರೂ ಒಟ್ಟಿಗೆ ಉಣ್ಣುತ್ತಿದ್ದೇವೆ. ಎರಡು ವರ್ಷದ ಹಿಂದೆ ಜೆರುಸಲೇಮಿನ ಬಸ್ಸಿನಲ್ಲಿ ಬಾಂಬು ಸಿಡಿದು ಎಸ್ತರಳ ತಂಗಿಯ ಮಗಳಿಗೆ ಪೆಟ್ಟಾದಾಗ, ಎಸ್ತರಳನ್ನು ತಬ್ಬಿಕೊಂಡು ಕೂತವಳು ಹನಾನಳೇ.

ಹಬ್ಬದ ಮರುದಿನ ಉಳಿದ ಹೋಳಿಗೆಯನ್ನು ಕೆಲಸದ ಜಾಗಕ್ಕೆ ಒಯ್ದು ಹಂಚುವ ನನ್ನ ಚಟ ನಿನಗೆ ಗೊತ್ತಲ್ಲ. ಭಾನುವಾರ ಧಾರವಾಡದ ಕಡೆಯವರೆಲ್ಲ ಮನೆಗೆ ಬಂದಿದ್ದರು. ಸೋಮವಾರ ಏಳುವುದೇ ತಡವಾಗಿ, ಸುದ್ದಿಗಿದ್ದಿ ಏನೂ ಕೇಳದೆ ಬಸ್ಸಿಗೆ ಓಡಿದೆ. ಅಡುಗೆಕೋಣೆಯಲ್ಲಿ ಎಸ್ತರಳಿಗೆ ಒಂದು ಹೋಳಿಗೆ ಕೊಟ್ಟು, ತುಪ್ಪ ಹಾಕಲೇ ಎಂದು ನಾನು ನಗುತ್ತಿದ್ದಾಗ ಹನಾನ್ ಒಳಗೆ ಬಂದಳು. ಕಣ್ಣು ಕೆಂಪಗಿತ್ತು. ನೆಗಡಿ ಇರಬೇಕು ಎಂದುಕೊಂಡು, “ಇವತ್ತು ಸಿಹಿ ತಿನ್ನಲೇಬೇಕು, ಹೊಸ ಕಾಲ ಶುರುವಾಯಿತು” ಎಂದು ಡಬ್ಬಿಯನ್ನು ಅವಳ ಮುಂದೆ ಹಿಡಿದೆ.

ಅವಳು ಡಬ್ಬಿಯನ್ನು ನೋಡಿದಳು, ಎಸ್ತರಳ ಬಾಯನ್ನು ನೋಡಿದಳು. “ನೀನೂ ಸಿಹಿ ಹಂಚುತ್ತೀಯಾ?” ಎಂದು ಮೆಲ್ಲಗೆ ಕೇಳಿ, ಬ್ಯಾಗು ತೆಗೆದುಕೊಂಡು ಹೊರಟೇಹೋದಳು.

ಕಾಯುವ ಕೋಣೆಯ ಟಿವಿ ನೋಡಿದಾಗಲೇ ನನಗೆ ತಿಳಿದದ್ದು. ಬೆಳಗಿನ ಪ್ರಾರ್ಥನೆ ಮುಗಿಸಿ ಬರುತ್ತಿದ್ದ ಆ ನಾಯಕನನ್ನು ಇಸ್ರೇಲಿನ ಹೆಲಿಕಾಪ್ಟರು ಕ್ಷಿಪಣಿ ಹೊಡೆದು ಕೊಂದಿತ್ತು. ಸುತ್ತ ಇದ್ದವರೂ ಸತ್ತಿದ್ದರು. ಹನಾನಳ ಅಣ್ಣನ ಮನೆ ಅದೇ ಬಡಾವಣೆಯಲ್ಲಿ. ಆ ಸಾವಿಗೇ ನಾನು ಸಿಹಿ ಹಂಚಿದೆ ಎಂದು ಅವಳು ತಿಳಿದಿದ್ದಳು, ಅಕ್ಕ.

ಮಧ್ಯಾಹ್ನ ಮ್ಯಾನೇಜರ್ ಬಂದು, ಹನಾನ್ ಹೊರಡುವಾಗಲೇ ಬೇರೆ ಕ್ಲಿನಿಕ್ಕಿಗೆ ವರ್ಗ ಕೇಳಿ ಹೋಗಿದ್ದಾಳೆ ಎಂದರು. ಎಸ್ತರ್ ನನ್ನ ಜೊತೆ ವಾದಕ್ಕೇ ನಿಂತಳು. ಬಾಂಬು ಕಟ್ಟಿ ಬಸ್ಸಿಗೆ ಹುಡುಗರನ್ನು ಕಳಿಸಿದವರು ಯಾರು? ಕಳಿಸುವವನೇ ಇಲ್ಲದಿದ್ದರೆ ಹೋಗುವವನೂ ಇರುವುದಿಲ್ಲ, ತನ್ನ ತಂಗಿಯ ಮಗಳು ಇನ್ನಾದರೂ ಧೈರ್ಯವಾಗಿ ಬಸ್ಸು ಹತ್ತಬಹುದು ಎಂದಳು. ಭಾವನಿಗೆ ಈ ಮಾತು ಹಿಡಿಸುತ್ತದೆ. ಬಾಂಬಿನ ಮೊಳೆ ಕಾಲಿಗೆ ಹೊಕ್ಕ ಹುಡುಗಿಯ ದೊಡ್ಡಮ್ಮ ಅವಳು.

ಮನೆಗೆ ಬಂದು ನಮ್ಮ ಯಜಮಾನರ ಮುಂದೆ ಅತ್ತುಬಿಟ್ಟೆ. “ನಮ್ಮ ಹಬ್ಬ ಯಾವಾಗ ಅಂತ ಅಕಿಗೆ ಹ್ಯಾಂಗ ಗೊತ್ತಾಗಬೇಕು? ಅಳಕೋತ ಕೂಡಬ್ಯಾಡ, ಹೋಗಿ ಹೇಳಿ ಬಾ” ಎಂದರು.

ಕೊಲಿಂಡೇಲಿನಲ್ಲಿ ಅವಳ ಫ್ಲ್ಯಾಟು. ಬಾಗಿಲು ತೆರೆದಳು, ಒಳಗೆ ಕರೆದಳು. ಅಣ್ಣ ಬದುಕಿದ್ದಾನೆ, ಪಕ್ಕದ ಮನೆಯ ಹಿರಿಯ ಉಳಿಯಲಿಲ್ಲ ಎಂದಳು. ನಾನು ಯುಗಾದಿ, ಬೇವುಬೆಲ್ಲ, ಹೋಳಿಗೆ ಎಲ್ಲವನ್ನೂ ವಿವರಿಸಿದೆ. ನನಗೂ ಎಸ್ತರಳಿಗೂ ಸುದ್ದಿಯೇ ಗೊತ್ತಿರಲಿಲ್ಲ ಎಂದೆ.

“ಟ್ಯೂಬ್ ರೈಲಿನಲ್ಲಿ ಕೂತಾಗ ನನಗೇ ಹೊಳೆಯಿತು, ನೀನು ಅಂಥವಳಲ್ಲ ಎಂದು. ಆದರೆ ಅಲ್ಲಿಯವರೆಗೆ ನಿನ್ನನ್ನು ಮನಸಾರೆ ದ್ವೇಷಿಸಿದೆ, ಮಾಳವಿಕಾ” ಎಂದಳು. “ಆ ಮನುಷ್ಯನ ದಾರಿ ನನಗೆ ಯಾವತ್ತೂ ಒಪ್ಪಿಗೆಯಾಗಿರಲಿಲ್ಲ. ನಿನ್ನ ಅನ್ನ ಉಂಡ ನನಗೇ ಹೀಗಾಯಿತು. ಆ ಕಡೆಯವರ ಒಂದು ತುತ್ತನ್ನೂ ಉಣ್ಣದ ಹುಡುಗರು ಅಲ್ಲಿ ಬೀದಿ ತುಂಬ ನಿಂತಿದ್ದಾರೆ. ಅವರ ಸಿಟ್ಟು ಇಳಿಸಲು ಯಾರು ಹೋಗುತ್ತಾರೆ?”

ಭಾವನಿಗೆ ಇಷ್ಟು ಹೇಳು. ಎಸ್ತರಳ ಭಯ ಸುಳ್ಳಲ್ಲ. ಅಂಥವನನ್ನು ಸುಮ್ಮನೆ ಬಿಡಿ ಎಂದು ಅವಳ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ. ಆದರೂ ಒಬ್ಬನನ್ನು ಹೊಡೆದರೆ ಶಾಂತಿ ಹತ್ತಿರವಾಗುತ್ತದೆ ಎಂದು ಇನ್ನು ಮೇಲೆ ನಾನು ನಂಬಲಾರೆ. ನನ್ನ ಮೇಜಿನಿಂದ ಅದು ದೂರ ಹೋದದ್ದನ್ನು ಕಣ್ಣಾರೆ ಕಂಡೆ.

ಹನಾನ್ ಶುಕ್ರವಾರ ಅರ್ಜಿ ವಾಪಸು ಪಡೆದಳು. ನಾಳೆಯಿಂದ ಮತ್ತೆ ಮೂವರೂ ಉಣ್ಣುತ್ತೇವೆ. ಭಾವನಿಗೆ ನಮಸ್ಕಾರ ತಿಳಿಸು, ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ.

ನಿನ್ನ ತಂಗಿ,
ಮಾಲು

ಮರೆತ ಮಾತು, ಸೋಮವಾರ: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಎಸ್ತರಳಿಗೆ ಸುದ್ದಿ ಗೊತ್ತಿತ್ತು. ಅವತ್ತು ಮಧ್ಯಾಹ್ನವೇ ನನಗೆ ಹೇಳಿದ್ದಳು, ರೇಡಿಯೊ ಕೇಳಿಯೇ ಬಂದಿದ್ದೆ, ಆ ಹೋಳಿಗೆಯನ್ನು ಖುಷಿಯಿಂದಲೇ ತಿಂದೆ ಎಂದು. ಅದನ್ನು ಹನಾನಳಿಂದ ಮುಚ್ಚಿಟ್ಟು ಸಂಧಾನ ಮಾಡಿದ್ದೆ. ಇವತ್ತು ಊಟಕ್ಕೆ ಕೂತಾಗ ಎಸ್ತರ್ ತಾನಾಗಿಯೇ ಹನಾನಳಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಹನಾನ್ ಡಬ್ಬಿ ಮುಚ್ಚಿದಳು. ಎದ್ದುಹೋಗುತ್ತಾಳೆ ಎಂದೇ ನಾನು ತಿಳಿದೆ. ಅವಳು ಏಳಲಿಲ್ಲ. ಎಸ್ತರಳ ಕಡೆ ತಿರುಗಿ, “ನಿನ್ನ ತಂಗಿಯ ಮಗಳು ಈಗ ಬಸ್ಸಿನಲ್ಲಿ ಹೋಗುತ್ತಾಳಾ?” ಎಂದು ಕೇಳಿದಳು. ಇಲ್ಲ ಎಂದಳು ಎಸ್ತರ್. ಹೋದ ಸೋಮವಾರದಿಂದ, ಸೇಡಿಗೆ ಹೆದರಿ, ತಂಗಿ ಅವಳನ್ನು ಮನೆಯಿಂದಲೇ ಹೊರಗೆ ಬಿಟ್ಟಿಲ್ಲವಂತೆ.