ಮೀನಿನ ನೆತ್ತಿಗೆ ಬಿದ್ದ ಬೆಳಕು

ಅಕ್ಕಾ,

ಅಕ್ಷರ ಕೋಳಿ ಕೆದಕಿದ ಹಾಗಿದೆ, ತಪ್ಪುಗಳೂ ಇರುತ್ತವೆ, ಬೈಯಬೇಡ. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ನಾನು ತೊಟ್ಟಿ ತೊಳೆಯುವ ಪ್ರಯೋಗಾಲಯದಲ್ಲಿ ಅಮ್ಮನಿಗೆ ಮಾಡುವಂತೆ ಮೀನಿಗೂ ಸಕ್ಕರೆ ಪರೀಕ್ಷೆ ಮಾಡುತ್ತಾರೆ. ಮೀನಿನ ನೆತ್ತಿಯೊಳಗೆ ಬೆಳಕನ್ನು ಅರಿಯುವ ಪುಟ್ಟ ಅಂಗವೊಂದಿದೆ. ರಕ್ತದ ಸಕ್ಕರೆ ಏರಿಳಿಯುವುದರಲ್ಲಿ ಅದರ ಪಾಲೂ ಇದೆಯಂತೆ. ಅದನ್ನು ತಿಳಿಯಲು ಒಂದು ತೊಟ್ಟಿಗೆ ಸದಾ ಕಪ್ಪು ಬಟ್ಟೆ ಮುಚ್ಚಿರುತ್ತಾರೆ. ಆ ಕತ್ತಲಲ್ಲಿ ಮೀನುಗಳು ಬದುಕಿವೆಯೋ ಇಲ್ಲವೋ ಎಂದು ಮನಸ್ಸು ತಡೆಯದೆ, ನಾಲ್ಕು ದಿನ ಮಧ್ಯಾಹ್ನ ಬಟ್ಟೆ ಎತ್ತಿ ನೋಡುತ್ತಾ ಕೂತೆ.

ನಿನ್ನೆ ಆ ತೊಟ್ಟಿಯ ಸಕ್ಕರೆ ಮಾತ್ರ ಅಡ್ಡಾದಿಡ್ಡಿ ಬಂತು. ಮೀನಿನ ರಕ್ತ ತೆಗೆಯುವವಳನ್ನು ಪ್ರಯೋಗಾಲಯ ನಡೆಸುವ ಮೇಡಂ ಬೈದರು: "ಸೂಜಿ ಹಿಡಿಯೋಕೂ ಬರಲ್ವೇನಮ್ಮ? ನಾಳೆಯಿಂದ ಬರಬೇಡ."

"ಇನ್ನು ಮೀನೇ ಬಾಯಿ ಬಿಟ್ಟು ಹೇಳ್ಬೇಕು ಮೇಡಂ, ನನ್ನ ತಪ್ಪಿಲ್ಲ ಅಂತ," ಎಂದಳು ಅವಳು. ಇಲ್ಲಿ ನನಗೆ ಕೋಣೆ ಹುಡುಕಿಕೊಟ್ಟವಳು ಅವಳೇ. ಬಾಯಿದ್ದೂ ನಾನು ಸುಮ್ಮನೆ ನಿಂತಿದ್ದೆ.

ನೀರಿನಲ್ಲಿ ಬೆರಳು ಬಿರಿದಿವೆ, ಬೇರೇನೂ ತೊಂದರೆಯಿಲ್ಲ. ನನ್ನ ಕೆಲಸ ಹೋದರೆ ಅಮ್ಮನ ಮಾತ್ರೆಗೆ ಏನು ಮಾಡುವುದೋ, ಅದೇ ಭಯ. ಅಮ್ಮನಿಗೆ ಈಗಲೇ ಹೇಳಬೇಡ.

ಬೆಳಿಗ್ಗೆ ಮೇಡಂ ಬರುವ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತೆ. "ಬಟ್ಟೆ ಎತ್ತಿದ್ದು ನಾನು," ಎಂದೆ. ಅವರು ಒಂದು ಹಾಳೆ ತಂದು ಕೈಗಿತ್ತರು. "ಯಾವ್ಯಾವ ದಿನ, ಎಷ್ಟೆಷ್ಟು ಹೊತ್ತು, ಬರೆದುಕೊಡು. ಆಮೇಲೆ ಹೊರಗೆ ಕೂತಿರು," ಎಂದು, ನಿನ್ನೆ ಬೈಸಿಕೊಂಡವಳಿಗೆ ಫೋನು ಹಚ್ಚಿದರು. ನಾಲ್ಕೂ ದಿನದ ಲೆಕ್ಕ ಬರೆದುಕೊಟ್ಟು ಈ ಮೆಟ್ಟಿಲಿಗೆ ಬಂದು ಕೂತೆ.

ನಿನ್ನ ತಂಗಿ