ಮೇಲ್ಕೇರಿಯ ಮೆಟ್ಟಿಲುದನಿ

ಧೂಳುಗಣನೆಯ ಇನ್ನೂರ ಹದಿನಾಲ್ಕನೆಯ ವರ್ಷ, ಹದಿನೈದನೆಯ ತಿಂಗಳು, ಮೊದಲ ಕೆಂಪು ದಿನ
ಕೆಳಕೇರಿ, ಕೆಂಗಲ್ಲುಗುಡ್ಡ

ನಮಗಿಂತ ಮೊದಲು ಇಲ್ಲಿದ್ದವರಿಗೆ ಸುಂಕ್ಲಮ್ಮನ ನಮಸ್ಕಾರ.

ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನನಗೆ ಹತ್ತೊಂಬತ್ತು ವರ್ಷ. ಐದನೆಯ ತರಗತಿಗೇ ಶಾಲೆ ಬಿಟ್ಟೆ. ಅಲ್ಲಿ ದನಿಪೆಟ್ಟಿಗೆಯ ಪಾಠವನ್ನು ಪದ್ಯದಂತೆ ಬಾಯಿಪಾಠ ಮಾಡಿಸುತ್ತಿದ್ದರು, ಪೆಟ್ಟಿಗೆ ತೆರೆಯಲು ಮಾತ್ರ ಬಿಡುತ್ತಿರಲಿಲ್ಲ. ನಾನು ತೆರೆದೆ. ಹೊರಗೆ ಹಾಕಿದರು ಎಂದು ಹೇಳಿಕೊಳ್ಳಬಹುದಿತ್ತು. ಹಾಕಲಿಲ್ಲ, ನಾನೇ ಮತ್ತೆ ಹೋಗಲಿಲ್ಲ.

ಇಲ್ಲಿ ಧೂಳು ಎದ್ದರೆ ನಡುಹಗಲಲ್ಲೂ ಚಾಚಿದ ಕೈ ಕಾಣುವುದಿಲ್ಲ. ಹೊರಗೆ ಹೋದವರು ಕೇರಿಯ ದನಿಪೆಟ್ಟಿಗೆ ನುಡಿಸುವ ಮೆಟ್ಟಿಲುದನಿಯ ಜಾಡು ಹಿಡಿದು ಮರಳುತ್ತಾರೆ. ಅದು ನೆಟ್ಟಗೆ ಏರಿ ನಿಲ್ಲುತ್ತದೆ, ನೆಟ್ಟಗೆ ಇಳಿದು ಅಷ್ಟೇ ಹೊತ್ತು ಸುಮ್ಮನಿರುತ್ತದೆ. ನಿಮ್ಮವರು ಇದನ್ನು ಚೌಕ ಅಲೆ ಎನ್ನುತ್ತಿದ್ದರಂತೆ. ಗಾಳಿ ಎಲ್ಲ ದುಂಡು ದನಿಗಳನ್ನೂ ಅಣಕಿಸಬಲ್ಲದು, ತಾಯಿ ಕರೆಯುವುದನ್ನೂ. ಮೂಲೆಯಿರುವ ದನಿ ಮಾತ್ರ ಅದಕ್ಕೆ ಬಾರದು. ಪ್ರತಿ ಕೇರಿಗೂ ಅದರದೇ ಶ್ರುತಿ. ಕೇರಿ ಅಳಿದರೆ ಆ ಶ್ರುತಿಯನ್ನು ಮುಚ್ಚುತ್ತೇವೆ, ಯಾರೂ ಮತ್ತೆ ನುಡಿಸುವಂತಿಲ್ಲ. ಮರಳಿದವರು ತಗಡಿನ ಬಾಗಿಲನ್ನು ಮೂರು ಸಲ ತಟ್ಟಿ ಹೆಸರು ಹೇಳಬೇಕು.

ಮೊನ್ನೆ ನನ್ನ ಅಕ್ಕ ಹಂಪಮ್ಮ ನೀರಿನ ಕೊಳವೆ ಬಿಡಿಸಲು ಹೋದಳು. ಹಿಂದೆಯೇ ಧೂಳೆದ್ದಿತು, ಕೇರಿಯ ದನಿಪೆಟ್ಟಿಗೆಯೂ ಸುಟ್ಟಿತು. ನಿಮ್ಮ ಕಾಲದ ಕಸದಲ್ಲಿ ಸಿಕ್ಕ ಬಿಡಿಭಾಗಗಳಿಂದ ನಾನು ಹೊಸದು ಕಟ್ಟಿದೆ. ಎಂಟು ಕಾಲಿನ ಕರಿ ಚಿಪ್ಪು, ಒಂದು ತಡೆ, ಒಂದು ಗುಟುಕು. ಚಿಪ್ಪು ಎಂದರೆ ನಿಮ್ಮ ಟೈಮರ್ ಚಿಪ್; ತಡೆ ಎಂದರೆ ರೆಸಿಸ್ಟರ್; ಗುಟುಕು ಎಂದರೆ ಕೆಪಾಸಿಟರ್. ಚಿಪ್ಪಿನ ಮೂರನೆಯ ಕಾಲಿನಿಂದ ಹೊರಟ ಕರೆಂಟು ತಡೆಯನ್ನು ದಾಟಿ ಗುಟುಕನ್ನು ತುಂಬುತ್ತದೆ. ತುಂಬಿತೆಂದು ಎರಡನೆಯ, ಆರನೆಯ ಕಾಲುಗಳಿಗೆ ತಿಳಿದ ಕೂಡಲೇ ಮೂರನೆಯದು ಆರುತ್ತದೆ. ಗುಟುಕು ಅದೇ ದಾರಿಯಲ್ಲಿ ಬರಿದಾಗುತ್ತದೆ, ಬರಿದಾದೊಡನೆ ಮೂರನೆಯದು ಮತ್ತೆ ಹೊತ್ತುತ್ತದೆ. ತುಂಬಲೂ ಬರಿದಾಗಲೂ ಹೆಚ್ಚುಕಡಿಮೆ ಒಂದೇ ಹೊತ್ತು. ಇಷ್ಟೇ.

ಆದರೆ ನನಗೆ ಸಿಕ್ಕ ಗುಟುಕು ಒಳಗೆ ದ್ರವವಿರುವ ಡಬ್ಬಿಯದು. ಅದು ಒಣಗಿತ್ತು. ಒಣಗಿದ ಗುಟುಕು ಬೇಗ ತುಂಬಿ ಬೇಗ ಬರಿದಾಗುವುದರಿಂದ ಶ್ರುತಿ ಏರುತ್ತದೆ. ಅದು ಏರಿ, ಮೇಲ್ಕೇರಿಯ ಶ್ರುತಿಯಲ್ಲಿ ನಿಂತಿತು. ಹನ್ನೊಂದು ವರ್ಷದ ಹಿಂದೆ ಮೇಲ್ಕೇರಿಯ ನಲವತ್ತು ಜನವೂ ಧೂಳಿನೊಳಗೆ ಹೋಗಿ ಮರಳಲಿಲ್ಲ. ನಾನು ತಡೆ ಹೆಚ್ಚಿಸಿದೆ, ಶ್ರುತಿ ಇಳಿಯಿತು. ಒಂದು ತಾಸಿನಲ್ಲಿ ಮತ್ತೆ ಏರಿ ಅಲ್ಲೇ ನಿಂತಿತು. ಐದು ಸಲ ಹೀಗಾಯಿತು. ಒಣಗುವ ಗುಟುಕಿನ ಶ್ರುತಿ ಏರುತ್ತಲೇ ಹೋಗಬೇಕು. ಪ್ರತಿ ಸಲ ಅಲ್ಲೇ ಏಕೆ ನಿಲ್ಲುತ್ತದೆಂದು ನನಗೆ ಗೊತ್ತಿಲ್ಲ.

ಕೇರಿಯ ಹಿರಿಯ ಎರ್ರೆಪ್ಪ ಮಾವ ಓಡಿ ಬಂದ. “ಏ ಸುಂಕ್ಲವ್ವಾ, ಬಂದ್ ಮಾಡದನ್ನ! ಅದು ಮೇಲ್ಕೇರಿದು!”

“ನಂಗೂ ಕಿವಿ ಅದಾವ ಮಾವಾ. ಬಂದ್ ಮಾಡಿದ್ರ ಅಕ್ಕ ಏನ್ ಕೇಳ್ಕೆಂತ ಬರ್ತಾಳ? ನಿನ್ನ ಗೊರಕಿನಾ?”

ಅವನು ನಗಲಿಲ್ಲ. ನಾನು ನಿಲ್ಲಿಸಲಿಲ್ಲ.

ನಿನ್ನೆ ಮಧ್ಯಾಹ್ನ ಯಾರೋ ತಗಡನ್ನು ಮೂರು ಸಲ ತಟ್ಟಿದರು. “ಯಾರಪಾ? ಹೆಸರು ಹೇಳ್ರಿ,” ಎಂದ ಮಾವ. ಹೆಸರಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಮೂರು. ಈ ಕೈ ಭಾರವಾಗಿತ್ತು. ಆಮೇಲೆ ತಗಡಿನ ಕೆಳಭಾಗದಲ್ಲಿ, ಮಗುವಿನ ಎತ್ತರದಲ್ಲಿ. ಯಾರೂ ಉಣ್ಣಲಿಲ್ಲ, ಎಲ್ಲರೂ ಎಣಿಸುತ್ತ ಕೂತೆವು. ಸಂಜೆ ತಟ್ಟುವುದು ನಿಂತಾಗ ನಲವತ್ತೊಂದು ಜನ ತಟ್ಟಿದ್ದರು.

ಆ ಹೆಚ್ಚಿನ ಒಬ್ಬರು ಅಕ್ಕನಿರಬಹುದು. ಧೂಳು ಕುಡಿದ ಗಂಟಲಿಂದ ಮಾತು ಹೊರಡುವುದಿಲ್ಲ. ಮುಚ್ಚಿದ ಶ್ರುತಿ ಕೇಳಿದರೆ ಬೆನ್ನು ತಿರುಗಿಸಿ ನಡೆಯಬೇಕೆಂದು ನಮಗೆಲ್ಲ ಕಲಿಸಿದ್ದಾರೆ. ಆದರೆ ಅವಳಿಗೆ ನನ್ನ ಅರೆಬರೆ ಕೆಲಸದ ಗುರುತು ಚೆನ್ನಾಗಿ ಗೊತ್ತು, ಅದನ್ನೇ ಹಿಡಿದು ಬಂದಿರಬಹುದು. ನಮ್ಮ ಶ್ರುತಿ ಸರಿಯಾಗಿ ನುಡಿದರೆ ನಮ್ಮವಳು ಉಳಿಯುತ್ತಾಳೆ, ಮಿಕ್ಕವರು ಹೊರಟುಹೋಗುತ್ತಾರೆ, ಅಲ್ಲಿಯವರೆಗೆ ಬಾಗಿಲು ತೆರೆಯಬಾರದು ಎಂದು ಕೇರಿ ತೀರ್ಮಾನಿಸಿದೆ. ಅದು ತಪ್ಪೆಂದು ನಾನು ಹೇಳಲಾರೆ. ನನಗೂ ಹೆದರಿಕೆ. ಅಕ್ಕನ ಮೂಗುಬಟ್ಟೆ ಧೂಳನ್ನು ಮೂರು ದಿನ ತಡೆಯುತ್ತದೆ. ಎರಡು ಕಳೆದಿವೆ.

ಆದ್ದರಿಂದ ಕೇಳುತ್ತಿದ್ದೇನೆ. ಒಂದು ಮೈಕ್ರೋಫ್ಯಾರಡ್ ಕೆಪಾಸಿಟರ್, ಪ್ಲಾಸ್ಟಿಕ್ ಪದರದ ಚಪ್ಪಟೆಯದು. ಅದು ಒಣಗುವುದಿಲ್ಲ. ನಿಮ್ಮಲ್ಲಿ ಯಾರದಾದರೂ ಮೇಜಿನ ಖಾನೆಯಲ್ಲಿ ಬಿದ್ದಿರುತ್ತದೆ. ಗಾಜಿನ ಸೀಸೆಯಲ್ಲಿ ಹಾಕಿ, ಬಾಯಿಗೆ ಮೇಣ ಮೆತ್ತಿ, ಕೆಂಗಲ್ಲುಗುಡ್ಡದ ಬುಡದಲ್ಲಿ ೪೭ ಎಂದು ಕೊರೆದ ಸರ್ವೆ ಕಲ್ಲಿನ ಪೂರ್ವಕ್ಕೆ ಮೊಳದ ಆಳದಲ್ಲಿ ಹೂಳಿ. ಆ ಕಲ್ಲು ಈಗ ನಮ್ಮ ಗೋಡೆಯ ಒಳಗಿದೆ. ಅಲ್ಲಿ ಇದುವರೆಗೆ ಯಾರೂ ಅಗೆದಿಲ್ಲ. ನಾನೂ ಅಗೆದಿಲ್ಲ, ಅಗೆದು ಖಾಲಿ ಕಂಡ ಮೇಲೆ ಕೇಳಿ ಪ್ರಯೋಜನವಿಲ್ಲ.

ಪತ್ರ ಹಿಂದಿನ ಕಾಲಕ್ಕೆ ಹೋಗುವುದಿಲ್ಲ ಎನ್ನುತ್ತಾನೆ ಮಾವ. ಹನ್ನೊಂದು ವರ್ಷದ ಹಿಂದಿನಿಂದ ನಲವತ್ತು ಜನ ಬರಬಹುದಾದರೆ ಒಂದು ಹಾಳೆ ಹೋಗಬಹುದು. ಹೊರಗಿನವರಲ್ಲಿ ಯಾರಾದರೂ ಒಯ್ಯಲಿ ಎಂದು ಬಾಗಿಲ ಬಳಿ ಕೂತು, ಹಾಳೆಯ ಮೇಲಂಚನ್ನು ತಗಡಿನ ಕೆಳಗೆ ತೂರಿಸಿ, ಈ ಕೊನೆಯ ಸಾಲುಗಳನ್ನು ಬರೆಯುತ್ತಿದ್ದೇನೆ.

ಆಚೆಯಿಂದ ಯಾರೋ ಮೆಲ್ಲಗೆ ಎಳೆಯುತ್ತಿದ್ದಾರೆ. ಬೇಗ ಹೂಳಿ. ಅಗೆಯಲು ಗುದ್ದಲಿ ನನ್ನ ಪಕ್ಕದಲ್ಲೇ ಇದೆ.