ಸಂಕಟ ಅನ್ನಬೇಕು

ಜುಲೈ 14, 2025. ಸೋಮವಾರ

ಏಳೂವರೆ ಬಸ್ಸು ತಪ್ಪಿತು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸ್ ಹೋಗಿದ್ದೆ. ಆಫ್ ಆಗಿತ್ತು. ಯಾವಾಗಲೂ ಆಗಿರುತ್ತೆ. ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಹುಣಸೂರು. ಆಧಾರ್ ತೋರಿಸಿದಾಗ ಕಂಡಕ್ಟರ್ ಫೋಟೋ ನೋಡಿ ನನ್ನ ಮುಖ ನೋಡಿದ. ಯಾಕೆ ನೋಡಿದನೋ... ಇಳಿಯುವವರೆಗೂ ಅದೇ ಯೋಚನೆ.

ಕಾಲೇಜಿನಲ್ಲಿ ಹೇಮಶ್ರೀ ಜಾಗ ಹಿಡಿದಿದ್ದಳು. ಕ್ಲಾಸಿನಲ್ಲಿ ಎಲ್ಲರಿಗೂ ಹತ್ತೊಂಬತ್ತು, ಇಪ್ಪತ್ತು. ನನಗೆ ಇಪ್ಪತ್ತೈದು. ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟು, ಆಮೇಲೆ ಪ್ರೈವೇಟಾಗಿ ಕಟ್ಟಿ, ಪಿಯುಸಿಯನ್ನೂ ಹಾಗೇ ಕಟ್ಟಿ ಬಂದವಳು. ಅದಕ್ಕೇ ಎಲ್ಲರಿಗೂ ಅಕ್ಕ.

“ಅಕ್ಕಾ, ದಿನಾ ಗ್ಯಾಸ್ ಫೋಟೋ ತಕ್ಕಂಡ್ ಬನ್ನಿ. ಡೌಟ್ ಬಂದ್ರೆ ಬಸ್ಸಲ್ಲೇ ನೋಡ್ಕಬೋದು” ಅಂದಳು.

ಫೋಟೋ ನಿನ್ನೆಯದೋ ಇವತ್ತಿನದೋ ಎಂದು ಡೌಟ್ ಬಂದರೆ? ಕೇಳಲಿಲ್ಲ.

ಮಧ್ಯಾಹ್ನ ಹೊಕ್ಕುಳ ಮೇಲೆ ಹಿಂಡಿದ ಹಾಗೆ. ಡಬ್ಬಿ ತೆರೆಯಲಿಲ್ಲ. ಸಂಕಟ. ನಮ್ಮ ಮನೆಯಲ್ಲಿ ಅದಕ್ಕೆ ಸಂಕಟ ಅಂತಲೇ ಹೇಳುವುದು. ಊರೆಲ್ಲ ಹೇಳುವ ಪದ ಬೇರೆ ಇದೆ, ನಾವು ಹೇಳುವುದಿಲ್ಲ. ಸುಧಕ್ಕ ಸತ್ತ ಮೇಲೆ ಬಿಟ್ಟದ್ದು. ನಮ್ಮಲ್ಲೇ ಬೆಳೆದ ಅಕ್ಕನ ಮಗಳು ಪುಟ್ಟಿ ಕೂಡ “ಚಿಗವ್ವ, ಸಂಕಟ” ಅನ್ನುತ್ತಾಳೆ. ಯಾಕೆಂದು ಅವಳಿಗೆ ಗೊತ್ತಿಲ್ಲ. ರೂಢಿ ಗೊತ್ತು.

ಜುಲೈ 16. ಬುಧವಾರ

ಮೊದಲ ಅವರ್ ಕ್ರಿಮಿನಾಲಜಿ. ಶಿವಶಂಕರ್ ಸರ್. ಅಸ್ವಾಭಾವಿಕ ಸಾವಿನ ಪಾಠ. ಪೇಪರಿನಲ್ಲಿ ಬಂದ ಸುದ್ದಿಗಳನ್ನು ಒಂದೊಂದಾಗಿ ಓದಿದರು. ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ... ಊರು ಬೇರೆ, ವಯಸ್ಸು ಬೇರೆ, ಕೊನೇ ಸಾಲು ಒಂದೇ. ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ.

ಹಿಂದಿನ ಬೆಂಚಿನಿಂದ ನಟರಾಜು, “ಸಾರ್, ಗ್ಯಾಸ್ಟ್ರಿಕ್ಕಾ?” ಅಂದ. ಎಲ್ಲರೂ ನಕ್ಕರು. ಸರ್ ಕೂಡ ನಕ್ಕರು.

“ನಗಿ. ನಮ್ಮ ಪಾಠದಲ್ಲಿ ಇದು ಕಾರಣ, ಫೈಲ್ ಕ್ಲೋಸ್. ಮುಂದಿನ ಅವರ್ ಸೋಶಿಯಾಲಜಿ ಮೇಡಂ ಬಂದು ಕೇಳ್ತಾರೆ, ಇದು ಕಾರಣಾನಾ, ಇಲ್ಲಾ ಕಾರಣಕ್ಕೆ ಹಾಕಿದ ಮುಸುಕಾ ಅಂತ. ಎರಡೂ ಸಬ್ಜೆಕ್ಟಿಗೆ ಸೇರಿ ಒಂದೇ ಅಸೈನ್‌ಮೆಂಟು. ನಿಮ್ಮ ನಿಮ್ಮ ಊರಲ್ಲಿ ಈ ಪದಾನ ಯಾವಾಗ, ಯಾರು, ಯಾಕೆ ಹೇಳ್ತಾರೆ, ಕೇಳ್ಕೊಂಡು ಬನ್ನಿ.”

ಬರೆದುಕೊಂಡೆ. ಪೆನ್ನು ನಿಲ್ಲಲಿಲ್ಲ. ನೋಟ್ಸ್ ಚೆನ್ನಾಗೇ ಬಂದಿದೆ.

ಅಕ್ಕನಿಗೂ ಅದೇ ಸಾಲು. ಪೊಲೀಸರಿಗೆ ಹೇಳಿದ್ದು ಅವ್ವ. ನಾನು ಪಕ್ಕದಲ್ಲೇ ಇದ್ದೆ, ಪುಟ್ಟಿ ನನ್ನ ಸೊಂಟದ ಮೇಲಿದ್ದಳು, ಇನ್ನೂ ಹಾಲು ಕುಡಿಯುವ ಕೂಸು. ಅವಳನ್ನು ಇಳಿಸಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗಲು ಆಗಲಿಲ್ಲ.

ಸುಳ್ಳು ಹೇಳಿಬಿಟ್ಟಳು ಅವ್ವ — ಅಂತ ಅಂದಿನಿಂದಲೂ ಅಂದುಕೊಂಡಿದ್ದೇನೆ. ಕೇಳಿಲ್ಲ. ಬಾವ ಅಕ್ಕನಿಗೆ ಹೊಡೆಯುತ್ತಿದ್ದರೋ ಇಲ್ಲವೋ, ಅದೂ ಗೊತ್ತಿಲ್ಲ. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಜುಲೈ 22. ಮಂಗಳವಾರ

ಭಾನುವಾರ ಬಾವ ಬಂದಿದ್ದರು. ಲಿಂಗರಾಜು ಬಾವ, ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್‌ನಲ್ಲಿ ಗೊಬ್ಬರದ ಅಂಗಡಿ. ಅವರವ್ವ ಯುಗಾದಿ ಕಳೆದ ಮೇಲೆ ತೀರಿಹೋದರು. ಅಡುಗೆಗೆ ಜನ ಇಲ್ಲ.

ಅಪ್ಪ ಜಗಲಿಯ ಮೇಲೆ, ಬಾವ ಕುರ್ಚಿಯಲ್ಲಿ. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಎಲ್ಲ ಕೇಳಿಸಿತು.

“ಬಲವಂತ ಇಲ್ಲ ಕಣ್ ಮಾವ. ಚೈತ್ರ ಒಪ್ಪುದ್ರೆ ಪುಟ್ಟಿಗೂ ತಾಯಿ ಆಯ್ತಾಳೆ. ಆಗಾಕಿಲ್ಲ ಅಂದ್ರೆ ಮಗಿನ ನಾನ್ ಕರ್ಕಂಡೋಯ್ತೀನಿ. ನನ್ ಮಗಳು ತಾನೇ?”

“ಇವ್ಳ ಓದು ಇನ್ನೊಂದ್ ವರ್ಸ ಅದೆ...” ಅಂದರು ಅಪ್ಪ.

“ಆ ಕ್ರಿಮಿನಲ್ ಓದಾ? ಓದಿ ಯಾರ್ನ ಇಡಿಬೇಕು ಬುಡಿ ಮಾವ” ಎಂದು ಬಾವ ನಕ್ಕರು. ಅಪ್ಪನೂ ನಕ್ಕರು.

ಅವ್ವ ಒಳಗೆ ಬಂದು ಮೆಲ್ಲಗೆ, “ಮಗಿನ ಮಕ ನೋಡವ್ವ” ಅಂದಳು.

ನೋಡಿದೆ. ಪುಟ್ಟಿ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ, ಅದು ಮುರಿದು ಬಿದ್ದು, ಬೆರಳು ಹಾಕಿ ಹುಡುಕುತ್ತಿದ್ದಳು. ಹೂಂ ಅಂದೆನೋ ಏನೋ. ಅಂದಿರಬೇಕು. ಶ್ರಾವಣದಲ್ಲಿ ವೀಳ್ಯಶಾಸ್ತ್ರ ಅಂತ ಆಯಿತು.

ಆಗಸ್ಟ್ 6. ಬುಧವಾರ

ಬೆಳಗ್ಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಹತ್ತಿರ ಸೊಪ್ಪು ಕಟ್ಟಲು ಕೂತೆ. ಕೈಯೆಲ್ಲ ಅಂಟು. ಪಕ್ಕದ ಮನೆ ಚಿಕ್ಕಬೀರಮ್ಮನನ್ನು ಅಸೈನ್‌ಮೆಂಟಿನ ಪ್ರಶ್ನೆ ಕೇಳೋಣ ಎಂದು ಎರಡು ಸಲ ಬಾಯಿ ತೆರೆದೆ. ಎದುರಿಗೆ ಅವ್ವ ಇದ್ದಳು.

“ಏನವ್ವ, ನೊಣ ಓಯ್ತದೆ ಬಾಯ್ ಮುಚ್ಚು” ಅಂದಳು ಚಿಕ್ಕಬೀರಮ್ಮ. ಮುಚ್ಚಿದೆ.

ಹೇಮಶ್ರೀ ಅವರಜ್ಜಿಯ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತಂದಿದ್ದಳು. ಮಧ್ಯಾಹ್ನ ಕಾಲೇಜ್ ಕ್ಯಾಂಟೀನಿನಲ್ಲಿ ಕೇಳಿಸಿದಳು. ಅಜ್ಜಿ ಎಲೆಯಡಿಕೆ ಅಗಿಯುತ್ತಾ ಹೇಳುತ್ತಿದೆ.

“ಬ್ಯಾರೆ ಏನ್ ಬರಸುದ್ರೂ ಯಾರಾನಾ ಒಬ್ರು ಒಳಿಕ್ಕೋಗ್ಬೇಕಾಯ್ತದೆ ಕಣ್ ಮಗ. ಒಟ್ಟೆನ ಯಾರ್ ಇಡ್ಕಂಡೋದಾರು?”

“ಸೂಪರ್ ಅಲ್ವಾ ಅಕ್ಕ? ಇದೇ ಹೆಡ್ಡಿಂಗ್ ಹಾಕ್ತೀನಿ” ಅಂದಳು ಹೇಮಶ್ರೀ.

ಚೆನ್ನಾಗಿದೆ ಅಂದೆ. ಅಜ್ಜಿಗೆ ಎಷ್ಟು ವಯಸ್ಸು ಎಂದು ಕೇಳಿದೆ. ಏನಾದರೂ ಕೇಳಬೇಕಿತ್ತು.

ಆಗಸ್ಟ್ 14. ಗುರುವಾರ

ವಾರದಿಂದ ಕಾಲೇಜಿಗೆ ಹೋಗಿಲ್ಲ. ಅಟೆಂಡೆನ್ಸ್ ಶಾರ್ಟೇಜ್ ಬಂದರೆ ಪರೀಕ್ಷೆಗೆ ಕೂರಿಸುತ್ತಾರೋ ಇಲ್ಲವೋ... ಆಮೇಲೆ ನೆನಪಾಯಿತು. ಪರೀಕ್ಷೆಗೆ ಹೇಗೂ ಹೋಗುವುದಿಲ್ಲವಲ್ಲ. ಆದರೂ ಆ ಚಿಂತೆ ನಿಲ್ಲಲಿಲ್ಲ. ಅಭ್ಯಾಸ.

ಅವ್ವ ಸೀರೆ ತಂದಳು. ಹಸಿರು. ಚೆನ್ನಾಗಿದೆ ಅಂದೆ.

ಪುಟ್ಟಿಗೆ ಜಡೆ ಹಾಕುವಾಗ ಕೇಳಿದಳು, “ಚಿಗವ್ವ, ನೀನು ಅಪ್ಪನ್ನ ಮದ್ವೆ ಆದ್ಮೇಲೆ ನಿನ್ನ ಏನಂತ ಕರೀಲಿ?”

“ಏನಂತ ಕರೀತೀಯ?”

“ಚಿಗವ್ವ ಅಂತ್ಲೇ. ಅವ್ವ ಅನ್ನಲ್ಲ. ಅವ್ವ ಅಂದ್ರೆ ಸತ್ತೋಯ್ತಾರೆ.”

ಜಡೆ ಬಿಗಿಯಾಯಿತೇನೋ, ಆ... ಅಂದಳು. ಬಿಚ್ಚಿ ಮತ್ತೆ ಹಾಕಿದೆ.

ಊಟ ಸೇರುತ್ತಿಲ್ಲ.

ಆಗಸ್ಟ್ 17. ಭಾನುವಾರ. ಸಂಜೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸರ್ ಹೇಳಿಕೊಟ್ಟ ಹಾಗೆ. ಮೊದಲು ಸ್ಥಳ, ಆಮೇಲೆ ಯಾರು ಏನಂದರು.

ಅಡುಗೆಮನೆ. ಹಸಿರು ಸೀರೆ ಉಟ್ಟಾಗಿತ್ತು. ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು. ಬಾವನ ಕಡೆಯವರು ಬೆಟ್ಟದಪುರ ದಾಟಿದ್ದೇವೆ ಎಂದು ಫೋನ್ ಮಾಡಿದ್ದರು. ಹೊಕ್ಕುಳ ಮೇಲೆ ಹಿಡಿದುಕೊಂಡಿತು. ದಿನವೂ ಬರುವುದಕ್ಕಿಂತ ಜಾಸ್ತಿ. ಒಲೆ ಕಟ್ಟೆ ಹಿಡಿದು ಬಗ್ಗಿದೆ.

“ಯಾಕೆ ಅಂಗ್ ನಿಂತಿದ್ದೀಯ?” ಅವ್ವ ಪಾಯಸಕ್ಕೆ ಬೆಲ್ಲ ಕುಟ್ಟುತ್ತಿದ್ದಳು.

“ಹೊಟ್ಟೆನೋವು ಕಣವ್ವ” ಅಂದೆ.

ಬೇಕೆಂದು ಅಂದದ್ದಲ್ಲ. ನೋವಿತ್ತು, ಬಾಯಿಗೆ ಬಂತು.

ಕುಟ್ಟುವ ಸದ್ದು ನಿಂತಿತು. ಅವ್ವ ಎದ್ದು ಹೋಗಿ ಅಡುಗೆಮನೆ ಬಾಗಿಲು ಮುಂದಕ್ಕೆ ಹಾಕಿದಳು.

“ಏನಂದೆ?”

“ನೋವು ಕಣವ್ವ.”

“ಸಂಕಟ ಅನ್ನು.”

ಕಟ್ಟೆ ಬಿಡಲಿಲ್ಲ.

“ಸಂಕಟ ಅನ್ನೇ! ನನ್ನವ್ವ ಅಲ್ವಾ... ಸಂಕಟ ಅನ್ನೇ...”

ಅನ್ನಲಿಲ್ಲ. ಯಾಕೆ ಅಂತ ಗೊತ್ತಿಲ್ಲ.

ಅವ್ವ ಅಲ್ಲೇ ನೆಲದ ಮೇಲೆ ಕೂತಳು. ಸೆರಗಿನಲ್ಲಿ ಬೆಲ್ಲದ ಪುಡಿ. “ಅವ್ಳೂ ಇಂಗೇ ಆ ಕಟ್ಟೆ ಇಡ್ಕಂಡು ನಿಂತಿದ್ಲು ಕಣೆ. ‘ಒಟ್ಟೆನೋವು ಕಣವ್ವ, ನಾಕ್ ದಿನ ಇಲ್ಲೇ ಇದ್ದೋಯ್ತೀನಿ’ ಅಂದ್ಲು. ನಾನು ಓಂಕಾಳು ಅಗುದು ನೀರ್ ಕುಡಿ, ಸರಿಹೋಯ್ತದೆ ಅಂದೆ. ಬಸ್ಸತ್ಸಿ ಬಂದೆ. ಆ ಪೊಲೀಸಪ್ಪ ಬಂದು ಕೇಳ್ದ, ಏನಾಗಿತ್ತಮ್ಮ ನಿನ್ ಮಗ್ಳಿಗೆ ಅಂತ. ನನ್ತವ ಅವ್ಳು ಏಳಿದ್ದು ಅದೊಂದೇ ಅಲ್ವಾ. ಅದ್ನೇ ಏಳ್ದೆ.”

ಇಷ್ಟು ವರ್ಷ ಅವ್ವ ಸುಳ್ಳು ಹೇಳಿದಳು ಅಂದುಕೊಂಡಿದ್ದೆ. ಸುಳ್ಳಲ್ಲ. ಅದು ಅಕ್ಕನ ಮಾತೇ. ಅಕ್ಕ ಹೇಳಿದ್ದಳು, ನೋವು ಅಂತ. ಎಲ್ಲಿ ನೋವು ಅಂತ ಯಾರೂ ಕೇಳಲಿಲ್ಲ, ಅಷ್ಟೇ.

ಅಳು ಬರುತ್ತೆ ಅಂದುಕೊಂಡೆ. ಬರಲಿಲ್ಲ.

ಹೊರಗೆ ಕಾರು ನಿಂತಿತು. ಅಪ್ಪ “ಬನ್ನಿ ಬನ್ನಿ” ಅನ್ನುವುದು ಕೇಳಿಸಿತು. ಅವ್ವ ಎದ್ದಳು, ಸೆರಗು ಕೊಡವಿದಳು, ಬಾಗಿಲು ತೆರೆದು ಹೋದಳು. ನಾನು ಹಿಂದೆ ನಿಂತೆ.

“ಇವತ್ತು ಶಾಸ್ತ್ರ ಆಗಾಕಿಲ್ಲ ಕಣಪ್ಪ ಲಿಂಗರಾಜು.”

ಬಾವ ಚಪ್ಪಲಿ ಬಿಡುತ್ತಿದ್ದರು. ಒಂದು ಬಿಟ್ಟಿದ್ದರು. “ಯಾಕತ್ತೆ? ಏನಾಯ್ತು?”

“ನಂಗೆ ಒಟ್ಟೆನೋವು.”

“ಲೇ ಸುಂದ್ರಿ, ಏನೇ ಆಡ್ತಾ ಇದ್ದೀಯ?” ಅಪ್ಪ ಅವ್ವನ ಮೇಲೆ ದನಿ ಎತ್ತಿದರು.

“ಒಟ್ಟೆನೋವು ಅಂದೆ. ಆ ಪದದ ಅರ್ತ ಈ ಮನೇಲಿ ಎಲ್ರಿಗೂ ಗೊತ್ತದೆ. ಅವ್ರಿಗೂ ಗೊತ್ತದೆ.”

ಬಾವ ತಲೆ ಎತ್ತಲಿಲ್ಲ. ಬಿಟ್ಟ ಚಪ್ಪಲಿಗೆ ಮತ್ತೆ ಕಾಲು ತೂರಿಸಿದರು, ಒಂದೇ ಸಲಕ್ಕೆ ಸೇರಲಿಲ್ಲ. ಹೋಗುವಾಗ ಅಪ್ಪನಿಗೆ ಮಾತ್ರ ಹೇಳಿದರು, “ಮಂಗ್ಳಾರ ಬತ್ತೀನಿ. ಪುಟ್ಟಿ ಬಟ್ಟೆ ಕಟ್ಟಿಡಿ.”

ಅಪ್ಪ ಜಗಲಿಯ ಮೇಲೆ ಕೂತೇ ಇದ್ದಾರೆ. ಪಾಯಸ ಯಾರೂ ಮಾಡಲಿಲ್ಲ. ಗ್ಯಾಸ್ ಆಫ್ ಇದೆಯಾ ನೋಡಿ ಬಂದೆ. ಇತ್ತು.

ಆಗಸ್ಟ್ 19. ಮಂಗಳವಾರ. ಬೆಳಗ್ಗೆ

ಪುಟ್ಟಿ ಬಟ್ಟೆ ಕಟ್ಟಿಲ್ಲ. ಕಟ್ಟು ಅಂತ ಯಾರೂ ಹೇಳಲೂ ಇಲ್ಲ. ಬಾವ ಅವಳಪ್ಪ, ಕರೆದುಕೊಂಡು ಹೋದರೆ ಕಾನೂನು ಏನನ್ನುತ್ತದೆ ಎಂದು ನೋಟ್ಸಿನಲ್ಲಿ ಹುಡುಕಿದೆ. ಆ ಪಾಠ ಇನ್ನೂ ಆಗಿಲ್ಲ. ಹೇಮಶ್ರೀಗೆ ಮೆಸೇಜ್ ಹಾಕಿ ಸರ್‌ಗೆ ಕೇಳಲು ಹೇಳಿದೆ. “ಸರ್ ಇಲ್ಲೇ ಅವ್ರೆ ಅಕ್ಕ, ಫೋನ್ ಮಾಡಿ ಅಂತಾವ್ರೆ. ನೀವ್ ಯಾವಾಗ ಬತ್ತೀರ?” ಎಂದು ಬಂತು.

ಹಾಸಿಗೆಯಿಂದ ಪುಟ್ಟಿ, “ಅಜ್ಜೀ, ಹೊಟ್ಟೆನೋವು. ಸ್ಕೂಲ್‌ಗೋಗಲ್ಲ” ಅಂದಳು. ಭಾನುವಾರ ಅವಳೂ ಕೇಳಿಸಿಕೊಂಡಿದ್ದಾಳೆ.

ಅವ್ವ ಬೈಯಲಿಲ್ಲ. ಸಂಕಟ ಅನ್ನು ಅನ್ನಲಿಲ್ಲ. ಪಕ್ಕದಲ್ಲಿ ಕೂತು, ಅವಳ ಅಂಗಿ ಮೇಲೆತ್ತಿ, ಕೈಯಿಟ್ಟು ಕೇಳಿದಳು. “ಎಲ್ಲಿ ನೋವು? ತೋರ್ಸು. ಇಲ್ಯಾ? ಇಲ್ಯಾ?”

ಪುಟ್ಟಿ ಬಹಳ ಹೊತ್ತು ಯೋಚಿಸಿ ಎದೆ ತೋರಿಸಿದಳು.

ಗಾಡಿ ಸದ್ದು. ಬಾವನದೇ. ಅವ್ವ ಬಾಗಿಲಿಗೆ ಹೋಗಿ ನಿಂತಿದ್ದಾಳೆ. ಪುಟ್ಟಿ ಬಂದು ನನ್ನ ವೇಲ್ ಹಿಡಿದುಕೊಂಡಿದ್ದಾಳೆ. “ಚೈತ್ರಾ” ಅಂತ ಕರೆಯುತ್ತಿದ್ದಾಳೆ ಅವ್ವ.

ಹೋಗಿ ಹೇಳಬೇಕು. ಹೊಟ್ಟೆನೋವು ಅಂತಲ್ಲ. ನೆಟ್ಟಗೆ, ಮದುವೆಯೂ ಇಲ್ಲ, ಪುಟ್ಟಿಯೂ ಬರುವುದಿಲ್ಲ ಅಂತ —